ಇಕ್ಕಟ್ಟಿನ ಸಿರೆಗಳಲ್ಲಿ ಹೃದಯಕ್ಕೆ ದಾರಿ

ಮನುಷ್ಯನ ಹೃದಯವು ನಿಮಿಷಕ್ಕೆ ಸುಮಾರು ೭೨ ಸಲ ಮಿಡಿಯುತ್ತದೆ. ದಿನವೊಂದಕ್ಕೆ ಲೆಕ್ಕ ಹಾಕಿದರೆ ಇದು ಒಂದು ಲಕ್ಷವನ್ನು ಮೀರುತ್ತದೆ. ನಾವು ಎಚ್ಚತ್ತಿರಲಿ, ನಿದ್ರಿಸುತ್ತಿರಲಿ, ಈ ಮಿಡಿತಕ್ಕೆ ನಮ್ಮ ಅಪ್ಪಣೆ ಬೇಕಾಗಿಲ್ಲ. ಹಾಗಾದರೆ ಅಪ್ಪಣೆ ಕೊಡುವುದು ಯಾವುದು ಎಂಬ ಪ್ರಶ್ನೆಗೆ ಉತ್ತರ ದೊರೆತದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. ೧೯೦೭ರಲ್ಲಿ ಆರ್ಥರ್ ಕೀತ್ ಮತ್ತು ಮಾರ್ಟಿನ್ ಫ್ಲ್ಯಾಕ್ ಎಂಬ ಇಬ್ಬರು ಬ್ರಿಟಿಷ್ ವಿಜ್ಞಾನಿಗಳು ಹೃದಯದ ಬಲಭಾಗದ ಮೇಲಿನ ಕೋಣೆಯ, ಎಂದರೆ ಬಲ ಹೃತ್ಕರ್ಣದ, ಗೋಡೆಯಲ್ಲಿ ಒಂದು ಸಣ್ಣ ಗಂಟನ್ನು ಗುರುತಿಸಿದರು. ಮಿಡಿತದ ವಿದ್ಯುತ್ತು ಹುಟ್ಟುವುದು ಅಲ್ಲಿಯೇ. ಅದಕ್ಕೆ ಒಂದು ವರ್ಷ ಮೊದಲು, ಜರ್ಮನಿಯಲ್ಲಿ ಕೆಲಸ ಮಾಡುತ್ತಿದ್ದ ಸುನಾವೊ ತವಾರಾ ಎಂಬ ಜಪಾನೀ ವೈದ್ಯರು ಮೇಲಿನ ಕೋಣೆಗಳಿಗೂ ಕೆಳಗಿನ ಕೋಣೆಗಳಿಗೂ ನಡುವೆ ಇರುವ ಮತ್ತೊಂದು ಗಂಟನ್ನು ವಿವರಿಸಿದ್ದರು. ಮೇಲಿನ ಗಂಟಿನಿಂದ ಹೊರಟ ಆಜ್ಞೆ ಈ ನಡುಗಂಟನ್ನು ಹಾದು ಕೆಳಗಿನ ಹೃತ್ಕುಕ್ಷಿಗಳಿಗೆ ತಲಪುತ್ತದೆ. ಆಗ ಅವು ಕುಗ್ಗಿ ರಕ್ತವನ್ನು ಮೈಗೆಲ್ಲ ತಳ್ಳುತ್ತವೆ.

ಭಜನೆಯ ಗೋಷ್ಠಿಯಲ್ಲಿ ತಾಳ ಹಿಡಿಯುವವನು ಒಬ್ಬನೇ. ಉಳಿದವರೆಲ್ಲ ಅವನನ್ನು ಅನುಸರಿಸುತ್ತಾರೆ. ಅವನ ತಾಳ ಹಿಂದಿನ ಸಾಲಿನವರಿಗೆ ಕೇಳಿಸದೆ ಹೋದರೆ ಅವರು ತಮಗೆ ತೋಚಿದ ಗತಿಯಲ್ಲಿ ಹಾಡತೊಡಗುತ್ತಾರೆ. ಹೃದಯದಲ್ಲಿಯೂ ಹಾಗೆಯೇ. ನಡುಗಂಟಿನ ದಾರಿ ಕೆಟ್ಟರೆ ಕೆಳಗಿನ ಕೋಣೆಗಳು ತಮ್ಮದೇ ನಿಧಾನಗತಿಗೆ ಇಳಿಯುತ್ತವೆ. ನಾಡಿ ನಿಮಿಷಕ್ಕೆ ೪೦ಕ್ಕೆ, ೩೦ಕ್ಕೆ, ಕೆಲವೊಮ್ಮೆ ಅದಕ್ಕೂ ಕೆಳಗೆ ಬರುತ್ತದೆ. ರೋಗಿಗೆ ಕಣ್ಣು ಕತ್ತಲೆ ಬರುವುದು, ನಾಲ್ಕು ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುವುದು, ನಿಂತಲ್ಲಿಯೇ ಪ್ರಜ್ಞೆ ತಪ್ಪಿ ಬೀಳುವುದು ಮೊದಲಾಗುತ್ತದೆ. ಈ ಸ್ಥಿತಿಗೆ ಮಾತ್ರೆ ಕಷಾಯಗಳಿಂದ ಶಾಶ್ವತವಾದ ಪರಿಹಾರವಿಲ್ಲ. ಹೊರಗಿನಿಂದ ತಾಳ ಒದಗಿಸಬೇಕು. ಆ ಕೆಲಸ ಮಾಡುವ ಯಂತ್ರಕ್ಕೆ ಪೇಸ್‌ಮೇಕರ್ ಎಂಬ ಹೆಸರೇ ಈಗ ಮನೆಮಾತಾಗಿದೆ.

ಪೇಸ್‌ಮೇಕರಿನ ಪೆಟ್ಟಿಗೆ ಬೆಂಕಿಪೊಟ್ಟಣಕ್ಕಿಂತ ತೆಳ್ಳಗಿರುತ್ತದೆ. ತೂಕ ೨೦-೩೦ ಗ್ರಾಮು. ಹೊರಕವಚ ಟೈಟೇನಿಯಂ ಲೋಹದ್ದು. ಒಳಗೆ ಲಿಥಿಯಂ ಬ್ಯಾಟರಿಯೂ ಸೂಕ್ಷ್ಮವಾದ ವಿದ್ಯುನ್ಮಂಡಲವೂ ಇರುತ್ತವೆ. ಪೆಟ್ಟಿಗೆಯನ್ನು ಕೊರಳೆಲುಬಿನ ಕೆಳಗೆ ಎದೆಯ ಚರ್ಮದಡಿಯಲ್ಲಿ ಒಂದು ಚಿಕ್ಕ ಜೇಬಿನಂತೆ ಮಾಡಿ ಅದರಲ್ಲಿ ಇಡುತ್ತಾರೆ. ಅದರಿಂದ ಹೊರಡುವ ತಂತಿಯ ತುದಿ ಹೃದಯದ ಒಳಗೋಡೆಯನ್ನು ಮುಟ್ಟಿರುತ್ತದೆ. ಹೃದಯ ತಾನಾಗಿ ಮಿಡಿದರೆ ಯಂತ್ರ ಸುಮ್ಮನಿರುತ್ತದೆ. ಮಿಡಿಯುವುದು ತಡವಾದರೆ ಎರಡು ಮೂರು ವೋಲ್ಟಿನಷ್ಟು ವಿದ್ಯುತ್ತನ್ನು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಮೆ ಹೊತ್ತು ಕಳುಹಿಸುತ್ತದೆ. ಹೃದಯವನ್ನು ಎಚ್ಚರಿಸಲು ಅಷ್ಟು ಸಾಕು.

ಯಂತ್ರದ ಮಾತು ಇಷ್ಟೆ. ಅದರ ತಂತಿ ಹೃದಯವನ್ನು ಸೇರುವ ದಾರಿಯೇ ಈ ಲೇಖನದ ವಿಷಯ. ಏಕೆಂದರೆ ಕೆಲವು ರೋಗಿಗಳಲ್ಲಿ ಆ ದಾರಿ ಇಕ್ಕಟ್ಟಾಗಿಯೋ ಪೂರ್ತಿ ಮುಚ್ಚಿಯೋ ಇರುತ್ತದೆ. ಯಂತ್ರ ಕೈಯಲ್ಲಿದೆ, ವೈದ್ಯರಿದ್ದಾರೆ, ರೋಗಿ ಮೇಜಿನ ಮೇಲಿದ್ದಾನೆ. ಆದರೆ ತಂತಿ ಮುಂದಕ್ಕೆ ಹೋಗುತ್ತಿಲ್ಲ ಎಂದರೆ ಏನು ಮಾಡಬೇಕು?

ಮೊದಲಿಗೆ ಈ ದಾರಿಯನ್ನು ಹಿಡಿದದ್ದಾದರೂ ಹೇಗೆ ಎಂಬುದನ್ನು ನೋಡೋಣ. ದೇಹದೊಳಗೆ ಪೂರ್ತಿಯಾಗಿ ಇಡುವ ಪೇಸ್‌ಮೇಕರನ್ನು ಮೊಟ್ಟಮೊದಲು ಅಳವಡಿಸಿದ್ದು ೧೯೫೮ರ ಅಕ್ಟೋಬರ್ ೮ರಂದು, ಸ್ವೀಡನ್ನಿನ ಸ್ಟಾಕ್‌ಹೋಮಿನ ಬಳಿಯ ಕರೋಲಿನ್‌ಸ್ಕಾ ಆಸ್ಪತ್ರೆಯಲ್ಲಿ. ಶಸ್ತ್ರವೈದ್ಯರು ಓಕೆ ಸೆನ್ನಿಂಗ್. ಯಂತ್ರ ಮಾಡಿದ ಇಂಜಿನಿಯರು ರೂನೆ ಎಲ್ಮ್‌ಕ್ವಿಸ್ಟ್. ರೋಗಿ ೪೩ ವರ್ಷದ ಆರ್ನೆ ಲಾರ್ಸನ್. ಅವರ ಎದೆಯನ್ನು ತೆರೆದು ತಂತಿಗಳನ್ನು ಹೃದಯದ ಹೊರಮೈಗೆ ಹೊಲಿದರು. ಆ ಮೊದಲ ಯಂತ್ರ ಕೆಲವು ಗಂಟೆಗಳಷ್ಟೇ ಕೆಲಸ ಮಾಡಿತು. ಆದರೂ ಎದೆಗುಂದದೆ ಇನ್ನೊಂದನ್ನು ಇಟ್ಟರು, ಮುಂದೆ ಮತ್ತೊಂದನ್ನು. ಲಾರ್ಸನ್ನರು ಇಪ್ಪತ್ತಕ್ಕೂ ಹೆಚ್ಚು ಪೇಸ್‌ಮೇಕರುಗಳನ್ನು ಬದಲಾಯಿಸಿಕೊಂಡು ೨೦೦೧ರವರೆಗೆ, ೮೬ ವರ್ಷ ಬದುಕಿದರು. ಯಂತ್ರ ಮಾಡಿದವರೂ ಅದನ್ನು ಇಟ್ಟವರೂ ಅವರಿಗಿಂತ ಮೊದಲೇ ತೀರಿಕೊಂಡರು.

ಎದೆ ತೆರೆಯುವುದು ದೊಡ್ಡ ಶಸ್ತ್ರಕ್ರಿಯೆ. ಮುದುಕರಿಗೆ, ನಿತ್ರಾಣರಿಗೆ ಅದು ಸುಲಭವಾಗಿ ಒಗ್ಗುವುದಿಲ್ಲ. ಅದಕ್ಕಿಂತ ಹಗುರವಾದ ಒಂದು ದಾರಿ ಇದೆಯೆಂದು ಬಹು ಹಿಂದೆಯೇ ತೋರಿಸಿಕೊಟ್ಟವರು ವೆರ್ನರ್ ಫೋರ್ಸ್‌ಮನ್ ಎಂಬ ಎಳೆಯ ಜರ್ಮನ್ ವೈದ್ಯರು. ೧೯೨೯ರಲ್ಲಿ ಎಬರ್ಸ್‌ವಾಲ್ಡೆ ಎಂಬ ಊರಿನ ಆಸ್ಪತ್ರೆಯಲ್ಲಿ, ಮೇಲಧಿಕಾರಿಯ ಒಪ್ಪಿಗೆ ಇಲ್ಲದೆಯೇ, ಅವರು ತಮ್ಮ ಎಡತೋಳಿನ ಸಿರೆಯಲ್ಲಿ ಒಂದು ತೆಳು ನಳಿಕೆಯನ್ನು ೬೫ ಸೆಂಟಿಮೀಟರಿನಷ್ಟು ಒಳಕ್ಕೆ ತೂರಿಸಿಕೊಂಡು, ಹಾಗೆಯೇ ನಡೆದುಹೋಗಿ ಕ್ಷ-ಕಿರಣದ ಚಿತ್ರ ತೆಗೆಸಿದರು. ನಳಿಕೆಯ ತುದಿ ಅವರ ಹೃದಯದಲ್ಲಿತ್ತು! ಅಂದು ಇದಕ್ಕೆ ಸಿಕ್ಕಿದ್ದು ಹೆಚ್ಚಾಗಿ ಬೈಗುಳ. ೧೯೫೬ರಲ್ಲಿ ಮತ್ತಿಬ್ಬರೊಡನೆ ನೊಬೆಲ್ ಪಾರಿತೋಷಕ. ೧೯೫೮ರಲ್ಲಿ ನ್ಯೂಯಾರ್ಕಿನ ಸೀಮರ್ ಫರ್ಮನ್ ಇದೇ ಸಿರೆಯ ದಾರಿಯಲ್ಲಿ ವಿದ್ಯುತ್ ತಂತಿಯನ್ನು ಹೃದಯಕ್ಕೆ ಮುಟ್ಟಿಸಿ, ಹೊರಗಿನ ಯಂತ್ರದಿಂದ ರೋಗಿಯ ಹೃದಯವನ್ನು ನಡೆಸಿದರು. ೧೯೬೦ರ ದಶಕದಿಂದ ಈಚೆಗೆ ಸಿರೆಯ ದಾರಿಯೇ ರಾಜಮಾರ್ಗವಾಯಿತು.

ವಾಡಿಕೆಯ ಮಾತಿನಲ್ಲಿ ನಾವು 'ನರ' ಎನ್ನುವುದು ಅನೇಕ ವೇಳೆ ಸಿರೆಯನ್ನೇ. ಮುಂಗೈಯಲ್ಲಿ ನೀಲಿಯಾಗಿ ಕಾಣುವುದು, ಸೂಜಿಮದ್ದು ಕೊಡಲು ವೈದ್ಯರು ಹುಡುಕುವುದು ಇದನ್ನೇ. ದೇಹದಲ್ಲಿ ಬಳಕೆಯಾದ ರಕ್ತವನ್ನು ಹೃದಯಕ್ಕೆ ಮರಳಿ ತರುವ ಕಾಲುವೆಗಳು ಇವು. ತೋಳಿನ ಸಿರೆ ಕಂಕುಳನ್ನು ದಾಟಿ, ಕೊರಳೆಲುಬಿಗೂ ಮೊದಲನೆಯ ಪಕ್ಕೆಲುಬಿಗೂ ನಡುವೆ ನುಸುಳಿ ಎದೆಯೊಳಕ್ಕೆ ಬರುತ್ತದೆ. ಅಲ್ಲಿ ಕತ್ತಿನಿಂದ ಇಳಿದುಬರುವ ಸಿರೆ ಅದನ್ನು ಕೂಡಿಕೊಳ್ಳುತ್ತದೆ. ಬಲಗಡೆಯದು ನೇರವಾಗಿ, ಎಡಗಡೆಯದು ಎದೆಯನ್ನು ಓರೆಯಾಗಿ ದಾಟಿ ಬಂದು, ಎರಡೂ ಸೇರಿ ಮೇಲಿನ ಮಹಾಸಿರೆಯಾಗುತ್ತವೆ. ಈ ಮಹಾಸಿರೆಯ ಉದ್ದ ಸುಮಾರು ೭ ಸೆಂಟಿಮೀಟರು, ಅಗಲ ಸುಮಾರು ೨ ಸೆಂಟಿಮೀಟರು. ಅದು ಬಲ ಹೃತ್ಕರ್ಣಕ್ಕೆ ತೆರೆದುಕೊಳ್ಳುತ್ತದೆ. ಪೇಸ್‌ಮೇಕರಿನ ತಂತಿಯ ದಪ್ಪವಾದರೋ ೨ ಮಿಲಿಮೀಟರಿನ ಆಸುಪಾಸು. ಆರೋಗ್ಯವಾದ ಸಿರೆಯಲ್ಲಿ ಇದು ಅಗಲವಾದ ರಸ್ತೆಯಲ್ಲಿ ಒಬ್ಬ ಸೈಕಲ್ ಸವಾರ ಹೋದಂತೆ. ಕೊರಳೆಲುಬಿನ ಕೆಳಗೆ ಸಿರೆಯನ್ನು ಚುಚ್ಚಿ, ತಂತಿಯನ್ನು ತೂರಿಸಿ, ಕ್ಷ-ಕಿರಣದ ಪರದೆಯಲ್ಲಿ ನೋಡುತ್ತಾ ಹೃದಯಕ್ಕೆ ಇಳಿಸುವುದು ನುರಿತವರಿಗೆ ಒಂದು ಗಂಟೆಯೊಳಗಿನ ಕೆಲಸ. ಆ ಜಾಗವನ್ನಷ್ಟೇ ಮರಗಟ್ಟಿಸಿದರೆ ಸಾಕು. ರೋಗಿ ಮಾತನಾಡುತ್ತಲೇ ಇರಬಹುದು.

ಇಂಥ ದಾರಿ ಇಕ್ಕಟ್ಟಾಗುವುದು ಏಕೆ? ಸಿರೆಯ ಒಳಮೈ ಬಹಳ ನವುರಾದ ಒಂದು ಪದರ. ಅದಕ್ಕೆ ಗಾಯವಾದರೆ ಅಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಹೆಪ್ಪು ಕರಗದೆ ಉಳಿದ ಕಡೆ ನಾರಿನಂಥ ಗಾಯದ ಕಲೆ ಬೆಳೆಯುತ್ತದೆ. ಕಲೆ ಒಣಗುತ್ತಾ ಸಂಕುಚಿತವಾಗಿ ಸಿರೆಯನ್ನು ಹಿಂಡುತ್ತದೆ. ಗಾಯವಾಗುವುದು ಸಾಮಾನ್ಯವಾಗಿ ಸಿರೆಯೊಳಗೆ ಬಹುಕಾಲ ಇದ್ದ ನಳಿಕೆ ಅಥವಾ ತಂತಿಯಿಂದ. ಮೂತ್ರಪಿಂಡ ಸೋತವರಿಗೆ ಡಯಾಲಿಸಿಸ್ ಮಾಡಲು ಕೊರಳೆಲುಬಿನ ಕೆಳಗೆ ಅಥವಾ ಕತ್ತಿನಲ್ಲಿ ಹಾಕುವ ದಪ್ಪ ನಳಿಕೆ, ಅರ್ಬುದದ ಔಷಧಿಗಾಗಿ ತಿಂಗಳುಗಟ್ಟಲೆ ಇಟ್ಟ ನಳಿಕೆ, ಹಿಂದೆ ಇಟ್ಟ ಪೇಸ್‌ಮೇಕರಿನ ತಂತಿ, ಇವು ಮುಖ್ಯವಾದವು. ಎದೆಯೊಳಗಿನ ಗಡ್ಡೆ ಹೊರಗಿನಿಂದ ಒತ್ತುವುದೂ, ಎದೆಗೆ ಕೊಟ್ಟ ವಿಕಿರಣ ಚಿಕಿತ್ಸೆಯೂ, ಎದೆಯ ಗ್ರಂಥಿಗಳ ಹಳೆಯ ಉರಿಯೂತವೂ ಇದಕ್ಕೆ ಕಾರಣವಾಗಬಹುದು.

ಹಿಂದೆ ಪೇಸ್‌ಮೇಕರ್ ಇಟ್ಟವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗಾದರೂ ಆ ಕಡೆಯ ಸಿರೆ ಒಂದಿಷ್ಟು ಕಿರಿದಾಗಿರುತ್ತದೆ. ಸುಮಾರು ಹತ್ತರಲ್ಲಿ ಒಬ್ಬರಿಗೆ ಪೂರ್ತಿ ಮುಚ್ಚಿರುತ್ತದೆ ಎಂದು ಪರೀಕ್ಷೆಗಳಿಂದ ತಿಳಿದುಬಂದಿದೆ. ಆಶ್ಚರ್ಯವೆಂದರೆ ಇವರಲ್ಲಿ ಬಹುಮಂದಿಗೆ ಅದರ ಅರಿವೇ ಇರುವುದಿಲ್ಲ. ಕಾಲುವೆಗೆ ಕಲ್ಲು ಬಿದ್ದರೆ ನೀರು ಅಕ್ಕಪಕ್ಕದ ಸಣ್ಣ ತೋಡುಗಳನ್ನು ಹಿಡಿದು ಹರಿಯುತ್ತದೆಯಲ್ಲವೆ? ಹಾಗೆಯೇ ಎದೆಯ ಗೋಡೆಯಲ್ಲಿಯೂ ಭುಜದ ಸುತ್ತಲೂ ಇರುವ ಸಣ್ಣ ಸಿರೆಗಳು ನಿಧಾನವಾಗಿ ದಪ್ಪಗಾಗಿ ರಕ್ತವನ್ನು ಸಾಗಿಸುತ್ತವೆ. ಕೆಲವರಲ್ಲಿ ಮಾತ್ರ ತೋಳು ಊದುತ್ತದೆ, ಭುಜದ ಮೇಲೆ ನೀಲಿ ಗೆರೆಗಳ ಬಲೆ ಕಾಣುತ್ತದೆ. ಮಹಾಸಿರೆಯೇ ಕಟ್ಟಿದ್ದರೆ ಮುಖ ಊದಿಕೊಂಡು, ಬಗ್ಗಿದಾಗ ತಲೆ ಭಾರವಾಗುತ್ತದೆ. ರಕ್ತ ಹೇಗೋ ಸುತ್ತಿ ಬಳಸಿ ಹೃದಯವನ್ನು ಸೇರುತ್ತದೆ. ಆದರೆ ಆ ಸುತ್ತುದಾರಿಗಳು ಕೂದಲೆಳೆಯಂತೆ ತಿರುಚಿಕೊಂಡಿರುವುದರಿಂದ ಪೇಸ್‌ಮೇಕರಿನ ತಂತಿ ಅವುಗಳಲ್ಲಿ ಹೋಗಲಾರದು.

ವಿಷಯ ಮನಸ್ಸಿಗೆ ಹತ್ತುವಂತೆ ಒಬ್ಬ ರೋಗಿಯನ್ನು ಊಹಿಸಿಕೊಳ್ಳೋಣ. ವಯಸ್ಸು ೬೦. ನಾಲ್ಕು ವರ್ಷಗಳ ಹಿಂದೆ ಇವರ ಮೂತ್ರಪಿಂಡಗಳು ಸೋತವು. ಮೊದಲ ಕೆಲವು ತಿಂಗಳು ಬಲಗಡೆಯ ಕೊರಳೆಲುಬಿನ ಕೆಳಗೆ ನಳಿಕೆ ಹಾಕಿ ಡಯಾಲಿಸಿಸ್ ಮಾಡಿದರು. ಆ ಮೇಲೆ ಎಡತೋಳಿನಲ್ಲಿ ಫಿಸ್ಟುಲಾ ಮಾಡಿದರು. ಎಂದರೆ ಅಲ್ಲಿನ ಧಮನಿಯನ್ನೂ ಸಿರೆಯನ್ನೂ ಒಂದಕ್ಕೊಂದು ಕೂಡಿಸಿ ಸಿರೆ ದಪ್ಪಗಾಗುವಂತೆ ಮಾಡಿದರು. ಈಗ ವಾರಕ್ಕೆ ಮೂರು ಸಲ ಆ ತೋಳಿನಿಂದಲೇ ರಕ್ತ ಹೊರಬಂದು, ಶುದ್ಧವಾಗಿ, ಒಳಕ್ಕೆ ಹೋಗುತ್ತದೆ. ಆ ತೋಳು ಇವರ ಪ್ರಾಣದ ಆಧಾರ. ಹೀಗಿರುವಾಗ ಒಂದು ದಿನ ಇವರು ಸ್ನಾನದ ಮನೆಯಲ್ಲಿ ಬಿದ್ದುಬಿಟ್ಟರು. ನಾಡಿ ನೋಡಿದರೆ ೩೪. ನಡುಗಂಟಿನ ದಾರಿ ಪೂರ್ತಿ ಕಡಿದುಹೋಗಿದೆ.

ಇವರಿಗೆ ಪೇಸ್‌ಮೇಕರ್ ಬೇಕೇಬೇಕು. ಬಲಗಡೆಯಿಂದ ತಂತಿ ಹಾಕೋಣವೆಂದರೆ ಹಳೆಯ ನಳಿಕೆಯ ಕಲೆಯಿಂದ ಸಿರೆ ಇಕ್ಕಟ್ಟಾಗಿದೆ. ಎಡಗಡೆಯ ಸಿರೆ ಚೆನ್ನಾಗಿದೆ. ಆದರೆ ಅಲ್ಲಿ ಫಿಸ್ಟುಲಾದ ರಕ್ತ ರಭಸದಿಂದ ಹರಿಯುತ್ತಿದೆ. ಅದರ ನಡುವೆ ತಂತಿಯಿಟ್ಟರೆ ಕ್ರಮೇಣ ಆ ಸಿರೆಯೂ ಕಿರಿದಾಗಬಹುದು. ಆಗ ತೋಳು ಊದಿ ಡಯಾಲಿಸಿಸ್ ಕಷ್ಟವಾಗುತ್ತದೆ. ಹೃದಯವನ್ನು ಉಳಿಸಲು ಹೋಗಿ ಮೂತ್ರಪಿಂಡದ ದಾರಿಯನ್ನು ಕಳೆದುಕೊಂಡಂತೆ ಆಗಬಾರದು. ಒಂದೇ ಕಾಲುವೆಗೆ ಎರಡು ಹೊಲದವರು ಹಕ್ಕು ಕೇಳುವಂತೆ, ಒಂದೇ ಸಿರೆಯನ್ನು ಎರಡು ರೋಗಗಳು ಕೇಳುತ್ತಿವೆ. ತೀರ್ಮಾನ ಸುಲಭವಲ್ಲ.

ಇಂಥಲ್ಲಿ ವೈದ್ಯರು ಆತುರಪಡುವುದಿಲ್ಲ. ಮೊದಲು ಹೃದಯ ನಿಲ್ಲದಂತೆ ತಾತ್ಕಾಲಿಕ ಏರ್ಪಾಡು ಮಾಡುತ್ತಾರೆ. ತೊಡೆಸಂದಿಯ ಸಿರೆಯನ್ನು ಚುಚ್ಚಿ ಅಲ್ಲಿಂದ ಒಂದು ತಂತಿಯನ್ನು ಕೆಳಗಿನ ಮಹಾಸಿರೆಯ ಮೂಲಕ ಹೃದಯಕ್ಕೆ ಏರಿಸಿ, ಹೊರಗಿನ ಯಂತ್ರಕ್ಕೆ ಜೋಡಿಸಿದರೆ ಕೆಲವು ದಿನಗಳ ಬಿಡುವು ಸಿಗುತ್ತದೆ. ಆ ಬಿಡುವಿನಲ್ಲಿ ನಕ್ಷೆ ತಯಾರಾಗಬೇಕು. ತೋಳಿನ ಸಿರೆಗೆ ಕ್ಷ-ಕಿರಣದಲ್ಲಿ ಕಾಣುವ ಅಯೋಡಿನ್ ಬೆರೆತ ದ್ರವವನ್ನು ಕೊಟ್ಟು ಚಿತ್ರ ತೆಗೆದರೆ ಸಿರೆ ಎಲ್ಲಿ ಅಗಲವಾಗಿದೆ, ಎಲ್ಲಿ ಕಿರಿದಾಗಿದೆ, ಎಲ್ಲಿ ಮುಚ್ಚಿದೆ ಎಂಬುದು ಕಾಣುತ್ತದೆ. ಈ ದ್ರವ ಸೋತ ಮೂತ್ರಪಿಂಡಕ್ಕೆ ಭಾರವಾದುದರಿಂದ, ಇನ್ನೂ ಅಲ್ಪಸ್ವಲ್ಪ ಕೆಲಸ ಮಾಡುವ ಮೂತ್ರಪಿಂಡವಿದ್ದವರಿಗೆ ಅದನ್ನು ಮಿತವಾಗಿ ಬಳಸುತ್ತಾರೆ. ಹಿಂದೆ ಎಲ್ಲೆಲ್ಲಿ ನಳಿಕೆ ಹಾಕಿದ್ದರು ಎಂದು ರೋಗಿಯ ಮನೆಯವರು ನೆನಪಿಟ್ಟು ಹೇಳಿದರೆ ಅರ್ಧ ನಕ್ಷೆ ಅಲ್ಲಿಯೇ ಸಿಕ್ಕಿದಂತೆ.

ಈಗ ಇರುವ ದಾರಿಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು, ಇಕ್ಕಟ್ಟನ್ನೇ ದಾಟಿ ಹೋಗುವುದು. ಇದಕ್ಕೆ ನುಣುಪಾದ ಲೇಪವಿರುವ, ಒದ್ದೆಯಾದರೆ ಜಾರುವ, ಒಂದು ಮಿಲಿಮೀಟರಿಗಿಂತ ತೆಳುವಾದ ತಂತಿ ಬೇಕು. ಇದು ಪೇಸ್‌ಮೇಕರಿನ ತಂತಿಯಲ್ಲ, ದಾರಿ ತೋರಿಸುವ ತಂತಿ. ಸಿರೆ ಮುಚ್ಚಿದಂತೆ ಚಿತ್ರದಲ್ಲಿ ಕಂಡರೂ ಅನೇಕ ವೇಳೆ ನಡುವೆ ಒಂದು ಸೂಕ್ಷ್ಮವಾದ ಬಿರುಕು ಉಳಿದಿರುತ್ತದೆ. ವೈದ್ಯರು ತಂತಿಯ ತುದಿಯನ್ನು ಬೆರಳುಗಳಿಂದ ನಿಧಾನವಾಗಿ ತಿರುಗಿಸುತ್ತಾ, ಬಲ ಹಾಕದೆ, ಆ ಬಿರುಕನ್ನು ಹುಡುಕುತ್ತಾರೆ. ಹಳೆಯ ಬೀಗದಲ್ಲಿ ಬೀಗದ ಕೈ ಆಡಿಸುವಾಗಿನ ತಾಳ್ಮೆ ಇಲ್ಲಿ ಬೇಕು. ಬಲವಂತ ಮಾಡಿದರೆ ತಂತಿ ಸಿರೆಯ ಗೋಡೆಯನ್ನು ತೂರಿ ಹೊರಬಿದ್ದೀತು. ತಂತಿ ಒಮ್ಮೆ ಆಚೆ ದಾಟಿತೆಂದರೆ ಅರ್ಧ ಯುದ್ಧ ಗೆದ್ದಂತೆ. ಅದರ ಮೇಲೆ ಒಂದಕ್ಕಿಂತ ಒಂದು ದಪ್ಪವಾದ ಚೂಪು ನಳಿಕೆಗಳನ್ನು ಸರಿಸಿ ದಾರಿಯನ್ನು ಹಿಗ್ಗಿಸಬಹುದು.

ಅಷ್ಟಕ್ಕೂ ಬಗ್ಗದ ಕಲೆಯಿದ್ದರೆ ಬೆಲೂನಿನ ನೆರವು. ರಕ್ತನಾಳವನ್ನು ಒಳಗಿನಿಂದ ಹಿಗ್ಗಿಸಬಹುದೆಂದು ೧೯೬೪ರಲ್ಲಿ ಅಮೆರಿಕದ ಚಾರ್ಲ್ಸ್ ಡಾಟರ್ ಒಬ್ಬ ವೃದ್ಧೆಯ ಕಾಲಿನ ಧಮನಿಯಲ್ಲಿ ತೋರಿಸಿದರು. ೧೯೭೦ರ ದಶಕದಲ್ಲಿ ಜ್ಯೂರಿಕ್ಕಿನ ಆಂಡ್ರಿಯಾಸ್ ಗ್ರುಂಟ್ಸಿಗ್ ಅದಕ್ಕೆ ಬೆಲೂನನ್ನು ಅಳವಡಿಸಿದರು. ಹೃದಯದ ಧಮನಿಗೆ ಬಳಸುವ ಅದೇ ಉಪಾಯವನ್ನು ಸಿರೆಗೂ ಬಳಸುತ್ತಾರೆ. ಮಡಿಸಿದ ಬೆಲೂನನ್ನು ದಾರಿತಂತಿಯ ಮೇಲೆ ಜಾರಿಸಿ ಇಕ್ಕಟ್ಟಿನ ಸ್ಥಳದಲ್ಲಿ ನಿಲ್ಲಿಸಿ ಉಬ್ಬಿಸುತ್ತಾರೆ. ಉಬ್ಬಿಸುವುದು ಗಾಳಿಯಿಂದಲ್ಲ, ಕ್ಷ-ಕಿರಣದಲ್ಲಿ ಕಾಣುವ ದ್ರವದಿಂದ. ಏಕೆಂದರೆ ಅಕಸ್ಮಾತ್ತಾಗಿ ಬೆಲೂನು ಒಡೆದರೆ ರಕ್ತದಲ್ಲಿ ಗಾಳಿ ಸೇರಿ ಅಪಾಯವಾದೀತು. ಸಿರೆಯ ಕಲೆ ಧಮನಿಯೊಳಗಿನ ಕೊಬ್ಬಿನ ತಡೆಗಿಂತ ಗಟ್ಟಿ. ಕಾರಿನ ಚಕ್ರಕ್ಕೆ ತುಂಬುವ ಗಾಳಿಯ ಒತ್ತಡ ವಾತಾವರಣದ ಎರಡರಷ್ಟು ಎಂದರೆ, ಇಲ್ಲಿ ಹನ್ನೆರಡರಿಂದ ಇಪ್ಪತ್ತರಷ್ಟು ಒತ್ತಡ ಬೇಕಾಗುವುದುಂಟು. ಪರದೆಯಲ್ಲಿ ಬೆಲೂನಿನ ನಡುವೆ ಮೊದಲು ಡಮರುವಿನಂತೆ ಸೊಂಟ ಕಾಣುತ್ತದೆ. ಒತ್ತಡ ಏರಿದಂತೆ ಆ ಸೊಂಟ ತಟಕ್ಕನೆ ಮಾಯವಾಗುತ್ತದೆ. ಕಲೆ ಬಿರಿಯಿತು, ದಾರಿ ತೆರೆಯಿತು ಎಂದು ಅರ್ಥ.

ಹೀಗೆ ಹಿಗ್ಗಿಸಿದ ಸಿರೆ ಮತ್ತೆ ಕುಗ್ಗುವುದಿಲ್ಲವೆ? ಅನೇಕ ವೇಳೆ ಕುಗ್ಗುತ್ತದೆ. ಆದರೆ ಇಲ್ಲಿ ವೈದ್ಯರ ಗುರಿ ಸಿರೆಯ ಕಾಯಿಲೆಯನ್ನು ವಾಸಿಮಾಡುವುದಲ್ಲ, ತಂತಿಯನ್ನು ಆಚೆ ದಾಟಿಸುವುದು. ದಾಟಿದ ಮೇಲೆ ಸುತ್ತಲಿನ ಸಿರೆ ಕುಗ್ಗಿದರೂ ತಂತಿಯ ಕೆಲಸಕ್ಕೆ ಅಡ್ಡಿಯಿಲ್ಲ; ರಕ್ತಕ್ಕೆ ಹಳೆಯ ಸುತ್ತುದಾರಿಗಳು ಇದ್ದೇ ಇವೆ. ಧಮನಿಯಲ್ಲಿ ಮಾಡುವಂತೆ ಲೋಹದ ಜಾಲರಿಯನ್ನು, ಎಂದರೆ ಸ್ಟೆಂಟನ್ನು, ಇಲ್ಲಿ ಇಡಲು ವೈದ್ಯರು ಹಿಂಜರಿಯುವುದಕ್ಕೂ ಕಾರಣವುಂಟು. ಸಿರೆಯಲ್ಲಿ ಈಗಾಗಲೇ ತಂತಿಯಿದ್ದರೆ ಜಾಲರಿಗೂ ಗೋಡೆಗೂ ನಡುವೆ ಅದು ಸಿಕ್ಕಿಹಾಕಿಕೊಳ್ಳುತ್ತದೆ. ಮುಂದೆ ಸೋಂಕು ತಗುಲಿ ತಂತಿಯನ್ನು ತೆಗೆಯಬೇಕಾಗಿ ಬಂದರೆ ತೆಗೆಯಲಾಗುವುದಿಲ್ಲ.

ಈ ಕೆಲಸದಲ್ಲಿ ಅಪಾಯವೂ ಉಂಟು. ಸಿರೆ ಹರಿಯಬಹುದು. ಸಿರೆಯಲ್ಲಿ ರಕ್ತದ ಒತ್ತಡ ಕಡಮೆ, ಸುತ್ತಲೂ ಗಟ್ಟಿಯಾದ ಕಲೆಯೂ ಇರುತ್ತದೆ. ಹಾಗಾಗಿ ಸಣ್ಣ ಹರಿತ ಸಾಮಾನ್ಯವಾಗಿ ತಾನೇ ನಿಲ್ಲುತ್ತದೆ. ಆದರೆ ಮಹಾಸಿರೆಯ ಕೆಳಭಾಗ ಹೃದಯದ ಹೊರಚೀಲದೊಳಗೆ ಇದೆ. ಅಲ್ಲಿ ಹರಿದರೆ ರಕ್ತ ಚೀಲದಲ್ಲಿ ತುಂಬಿ ಹೃದಯವನ್ನು ಅದುಮಿಬಿಡುತ್ತದೆ. ಆದುದರಿಂದ ಇಂಥ ಕೆಲಸವನ್ನು ಹೃದಯದ ಶಸ್ತ್ರವೈದ್ಯರು ಕೈಗೆ ಸಿಗುವಷ್ಟು ಹತ್ತಿರದಲ್ಲಿರುವ ದೊಡ್ಡ ಆಸ್ಪತ್ರೆಗಳಲ್ಲಿ ಮಾಡುವುದು ಕ್ಷೇಮ.

ಎರಡನೆಯದು, ಇಕ್ಕಟ್ಟನ್ನು ಬಿಟ್ಟು ಅದರಾಚೆ ಪ್ರವೇಶಿಸುವುದು. ಅಡ್ಡಿ ಕೊರಳೆಲುಬಿನ ಕೆಳಗಷ್ಟೇ ಇದ್ದರೆ ಕತ್ತಿನ ಸಿರೆಯನ್ನು ಚುಚ್ಚಿ ತಂತಿ ಇಳಿಸಿ, ಹೊರತುದಿಯನ್ನು ಚರ್ಮದಡಿಯಲ್ಲಿ ಸುರಂಗ ತೋಡಿದಂತೆ ಎದೆಯ ಪೆಟ್ಟಿಗೆಗೆ ತರಬಹುದು. ಒಂದು ಪಕ್ಕ ಮುಚ್ಚಿ ಇನ್ನೊಂದು ಪಕ್ಕ ಚೆನ್ನಾಗಿದ್ದರೆ, ಚೆನ್ನಾಗಿರುವ ಕಡೆಯಿಂದ ತಂತಿ ಹಾಕಿ ಎದೆಯನ್ನು ಅಡ್ಡ ದಾಟಿಸಿ ಹಳೆಯ ಪೆಟ್ಟಿಗೆಗೆ ಸೇರಿಸಬಹುದು. ಆದರೆ ಇದರಿಂದ ಒಳ್ಳೆಯ ಪಕ್ಕವೂ ಮುಂದೆ ಕೆಡಬಹುದೆಂಬುದನ್ನು ಮರೆಯಬಾರದು.

ಮೂರನೆಯದು ಹಿಂದೆ ಪೇಸ್‌ಮೇಕರ್ ಇಟ್ಟವರಿಗೆ ಅನ್ವಯಿಸುವಂಥದು. ಬ್ಯಾಟರಿ ಮುಗಿದರೆ ಪೆಟ್ಟಿಗೆಯನ್ನಷ್ಟೆ ಬದಲಾಯಿಸಿದರೆ ಸಾಕು. ಸಿರೆಯ ಗೊಡವೆ ಇಲ್ಲ. ತಂತಿಯೇ ಮುರಿದರೆ, ಅಥವಾ ಹೃದಯದ ಶಕ್ತಿ ಕುಂದಿ ಮತ್ತೊಂದು ತಂತಿ ಸೇರಿಸಬೇಕಾದರೆ, ಆಗ ಮುಚ್ಚಿದ ಸಿರೆ ಎದುರಾಗುತ್ತದೆ. ಆಗ ಹಳೆಯ ತಂತಿಯ ಮೇಲೆ ಲೇಸರ್ ಬೆಳಕಿನಿಂದ ಅಥವಾ ತಿರುಗುವ ಅಲಗಿನಿಂದ ಕಲೆಯನ್ನು ಬಿಡಿಸುವ ನಳಿಕೆಯನ್ನು ಏರಿಸಿ, ತಂತಿಯನ್ನು ಎಳೆದು ತೆಗೆದು, ಅದು ಬಿಟ್ಟ ಬಿಲದಲ್ಲಿಯೇ ಹೊಸತನ್ನು ತೂರಿಸುತ್ತಾರೆ. ಇದು ನುರಿತ ಕೈಗಳ ಕೆಲಸ, ಅಪಾಯವೂ ಹೆಚ್ಚು.

ನಾಲ್ಕನೆಯದು, ಮೇಲಿನ ಸಿರೆಗಳನ್ನು ಪೂರ್ತಿ ಬಿಡುವುದು. ತೊಡೆಸಂದಿಯಿಂದ ಉದ್ದ ತಂತಿ ಹಾಕಿ ಪೆಟ್ಟಿಗೆಯನ್ನು ಹೊಟ್ಟೆಯ ಚರ್ಮದಡಿ ಇಡಬಹುದು. ಆದರೆ ಕೂತು ಎದ್ದು ಮಾಡುವಾಗ ತಂತಿ ಬಾಗಿ ಜರುಗುವ ಭಯವುಂಟು. ಇಲ್ಲವೆ ಲಾರ್ಸನ್ನರಿಗೆ ಮಾಡಿದ ಹಳೆಯ ಕ್ರಮಕ್ಕೇ ಮರಳಿ, ಪಕ್ಕೆಲುಬುಗಳ ನಡುವೆ ಸಣ್ಣ ಗಾಯ ಮಾಡಿ, ಹೃದಯದ ಹೊರಮೈಗೆ ತಂತಿಯನ್ನು ಹೊಲಿಯಬಹುದು. ಎಳೆಯ ಮಕ್ಕಳಿಗೆ ಈಗಲೂ ಬಹುಪಾಲು ಹೀಗೆಯೇ ಮಾಡುತ್ತಾರೆ. ಇದಕ್ಕೆ ಪೂರ್ತಿ ಅರಿವಳಿಕೆ ಬೇಕು ಎಂಬುದೇ ನಿತ್ರಾಣ ರೋಗಿಗೆ ತೊಡಕು.

ಐದನೆಯದು ಇತ್ತೀಚಿನದು, ತಂತಿಯೇ ಇಲ್ಲದ ಪೇಸ್‌ಮೇಕರ್. ೨೦೧೨ರ ಕೊನೆಯಿಂದ ಮನುಷ್ಯರಲ್ಲಿ ಇದರ ಪ್ರಯೋಗ ಆರಂಭವಾಯಿತು. ೨೦೧೬ರಲ್ಲಿ ಅಮೆರಿಕದ ಸರಕಾರ ಇಂಥ ಮೊದಲ ಯಂತ್ರಕ್ಕೆ ಒಪ್ಪಿಗೆ ಕೊಟ್ಟಿತು. ದೊಡ್ಡ ಗುಳಿಗೆಯಷ್ಟು ಗಾತ್ರ, ಸುಮಾರು ೨ ಗ್ರಾಮು ತೂಕ, ಎರಡೂವರೆ ಸೆಂಟಿಮೀಟರಿನಷ್ಟು ಉದ್ದ. ಬ್ಯಾಟರಿ, ವಿದ್ಯುನ್ಮಂಡಲ ಎಲ್ಲವೂ ಆ ಗುಳಿಗೆಯಲ್ಲಿಯೇ ಅಡಕ. ತೊಡೆಸಂದಿಯ ಸಿರೆಯಿಂದ ದಪ್ಪ ನಳಿಕೆಯ ಮೂಲಕ ಇದನ್ನು ಹೃದಯದ ಬಲ ಹೃತ್ಕುಕ್ಷಿಗೆ ಒಯ್ದು, ಸಣ್ಣ ಕೊಕ್ಕೆಗಳಿಂದಲೋ ತಿರುಪಿನಿಂದಲೋ ಅಲ್ಲಿ ನೆಲೆಗೊಳಿಸಿ, ನಳಿಕೆಯನ್ನು ಹಿಂದಕ್ಕೆ ತೆಗೆದುಬಿಡುತ್ತಾರೆ. ಎದೆಯಲ್ಲಿ ಜೇಬಿಲ್ಲ, ಮೇಲಿನ ಸಿರೆಗಳಲ್ಲಿ ತಂತಿಯಿಲ್ಲ. ಮೊದಲಿನವು ಒಂದೇ ಕೋಣೆಯನ್ನು ನಡೆಸುತ್ತಿದ್ದವು. ೨೦೨೩ರಿಂದ ಎರಡು ಗುಳಿಗೆಗಳನ್ನಿಟ್ಟು ಎರಡು ಕೋಣೆಗಳನ್ನು ಹೊಂದಾಣಿಕೆಯಿಂದ ನಡೆಸುವುದೂ ಬಳಕೆಗೆ ಬಂದಿದೆ. ಬೆಲೆ ಮಾತ್ರ ತಂತಿಯ ಪೇಸ್‌ಮೇಕರಿಗಿಂತ ಬಹಳ ಹೆಚ್ಚು.

ಈಗ ನಮ್ಮ ಊಹೆಯ ರೋಗಿಯ ಬಳಿಗೆ ಮರಳೋಣ. ಡಯಾಲಿಸಿಸ್ ಇರುವವರ ರಕ್ತನಾಳವನ್ನು ವಾರಕ್ಕೆ ಹಲವು ಸಲ ಚುಚ್ಚಬೇಕಾಗುವುದರಿಂದ ರಕ್ತಕ್ಕೆ ಸೂಕ್ಷ್ಮಜೀವಿಗಳು ಸೇರುವ ಸಂಭವ ಹೆಚ್ಚು. ರಕ್ತದ ಹರಿವಿನಲ್ಲಿ ಉದ್ದ ತಂತಿಯಿದ್ದರೆ ಅವು ಅದರ ಮೇಲೆ ನೆಲೆಯೂರುತ್ತವೆ. ಇವರ ಎಡಗಡೆಯ ಸಿರೆಯನ್ನು ಫಿಸ್ಟುಲಾಕ್ಕೆ ಉಳಿಸಲೇಬೇಕು. ಆದಕಾರಣ ತೊಡೆಯ ಸಿರೆ ಚೆನ್ನಾಗಿದ್ದು, ಹೃದಯದ ಶಕ್ತಿಯೂ ಉತ್ತಮವಾಗಿದ್ದರೆ, ತಂತಿಯಿಲ್ಲದ ಪೇಸ್‌ಮೇಕರೇ ಇವರಿಗೆ ಬಹಳಮಟ್ಟಿಗೆ ಒಪ್ಪುವಂಥದು. ಅದು ಎಟುಕದಿದ್ದರೆ ಬಲಗಡೆಯ ಇಕ್ಕಟ್ಟನ್ನು ಬೆಲೂನಿನಿಂದ ಹಿಗ್ಗಿಸಿ ತಂತಿ ಹಾಕುವುದು ಎರಡನೆಯ ಮಾತು. ಅಲ್ಲಿಯೂ ಒಂದು ಎಚ್ಚರಿಕೆ ಬೇಕು. ಬಲಗಡೆಯಿಂದ ಹೋದರೂ ತಂತಿ ಮಹಾಸಿರೆಯನ್ನು ಹಾಯಲೇಬೇಕಷ್ಟೆ; ಎಡತೋಳಿನ ರಕ್ತವೂ ಬಂದು ಸೇರುವುದು ಅಲ್ಲಿಗೇ. ಆದುದರಿಂದ ಒಂದಕ್ಕಿಂತ ಹೆಚ್ಚು ತಂತಿ ಹಾಕದಿರುವುದು ಮೇಲು. ಎಡಗಡೆಯ ಸುಲಭದ ದಾರಿಯನ್ನು ಮಾತ್ರ, ಅರ್ಧ ಗಂಟೆಯಲ್ಲಿ ಕೆಲಸ ಮುಗಿಯುವುದಾದರೂ, ಹಿಡಿಯಬಾರದು. ಇದನ್ನೆಲ್ಲ ಹೃದಯದ ವೈದ್ಯರೂ ಮೂತ್ರಪಿಂಡದ ವೈದ್ಯರೂ ಒಟ್ಟಿಗೆ ಕೂತು, ಮನೆಯವರಿಗೂ ವಿವರಿಸಿ ನಿರ್ಧರಿಸಬೇಕು.

ಮನೆಯವರ ಪಾಲಿನ ಕೆಲಸವೂ ಕಡಮೆಯೇನಲ್ಲ. ಮನೆಯಲ್ಲಿ ಯಾರಿಗಾದರೂ ಮೂತ್ರಪಿಂಡದ ತೊಂದರೆ ಆರಂಭವಾಗಿದ್ದರೆ ಫಿಸ್ಟುಲಾವನ್ನು ಬೇಗನೆ ಮಾಡಿಸಿಕೊಳ್ಳುವ ವಿಚಾರ ಕೇಳಬೇಕು. ಕೊರಳೆಲುಬಿನ ಕೆಳಗಿನ ನಳಿಕೆಯನ್ನು ಆದಷ್ಟು ತಪ್ಪಿಸಬೇಕು. ಈಗ ವೈದ್ಯರೂ ತಾತ್ಕಾಲಿಕ ನಳಿಕೆಗೆ ಬಲಗತ್ತಿನ ಸಿರೆಯನ್ನೇ ಮೇಲೆಂದು ಆರಿಸುತ್ತಾರೆ. ಎಲ್ಲಿ, ಯಾವಾಗ, ಎಷ್ಟು ದಿನ ನಳಿಕೆ ಇತ್ತು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡುವುದು ಒಳ್ಳೆಯದು. ಫಿಸ್ಟುಲಾ ಇರುವ ತೋಳಿನಿಂದ ರಕ್ತ ತೆಗೆಯಲು, ರಕ್ತದೊತ್ತಡ ನೋಡಲು ಬಿಡಬಾರದು. ಎದೆಯಲ್ಲಿ ಪೇಸ್‌ಮೇಕರ್ ಇಟ್ಟ ಮೇಲೆ ಮೊದಲ ಕೆಲವು ವಾರ ಆ ಕಡೆಯ ತೋಳನ್ನು ಭುಜಕ್ಕಿಂತ ಮೇಲೆ ಎತ್ತಬಾರದು, ಬಾವಿಯಿಂದ ನೀರು ಸೇದುವಂಥ ಕೆಲಸ ಕೂಡದು. ತೋಳು ಊದಿದರೆ, ಗಾಯ ಕೆಂಪಾಗಿ ಕೀವು ಬಂದರೆ, ಜ್ವರ ಬಿಡದಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಯಂತ್ರದ ವಿವರವಿರುವ ಚೀಟಿ ಸದಾ ಜೊತೆಯಲ್ಲಿರಬೇಕು.

ಕೊನೆಗೆ, ಈ ಪತ್ರಿಕೆಯ ಓದುಗರಿಗೆ ಸಹಜವಾಗಿಯೇ ಬರುವ ಒಂದು ಸಂದೇಹ. ಪೇಸ್‌ಮೇಕರ್ ಇರುವವರು ರೇಡಿಯೋ ಕೇಳಬಹುದೇ? ಧಾರಾಳವಾಗಿ ಕೇಳಬಹುದು. ಮನೆಯ ರೇಡಿಯೋ, ದೂರದರ್ಶನಗಳಿಂದ ಯಂತ್ರಕ್ಕೆ ತೊಂದರೆಯಿಲ್ಲ. ಧ್ವನಿವರ್ಧಕದಲ್ಲಿ ಬಲವಾದ ಅಯಸ್ಕಾಂತ ಇರುವುದರಿಂದ ಅದನ್ನು ಎದೆಗೆ ಆನಿಸಿಕೊಳ್ಳಬಾರದು. ಮೊಬೈಲ್ ಫೋನನ್ನೂ ಯಂತ್ರದಿಂದ ೧೫ ಸೆಂಟಿಮೀಟರಿನಷ್ಟು ದೂರವಿಟ್ಟು, ಇನ್ನೊಂದು ಪಕ್ಕದ ಕಿವಿಗೆ ಹಿಡಿದರೆ ಸಾಕು.